ಮಗಳ ಮನೆಯ ನಾಯಿ

ಆ ನಾಯಿ ನಮ್ಮ ಅಂಗಳಕ್ಕೆ ಬಂದದ್ದು ಕಾರಿನಲ್ಲಿ, ಹಿಂದಿನ ಸೀಟಿನ ಮೇಲೆ ಹಾಸಿದ್ದ ಹೊಸ ಚಾದರದ ಮೇಲೆ ಮಲಗಿಕೊಂಡು. ಶ್ರಾವಣದ ಜಿಟಿಜಿಟಿ ಮಳೆ. ನಾನು ಎಮ್ಮೆಗೆ ಹಿಂಡಿ ಇಟ್ಟು, ಮೊಣಕಾಲ ತನಕ ರಾಡಿಯಾಗಿ ನಿಂತಿದ್ದೆ. ಕಾರಿನ ಬಾಗಿಲು ತೆರೆದರೆ ಜೇನಿನ ಬಣ್ಣದ ಮೈ, ದವಡೆಯ ಕೆಳಗೆ ಇಳಿಬಿದ್ದ ಉದ್ದನೆಯ ಕಿವಿ, ಆಗ ತಾನೇ ಅತ್ತು ಮುಗಿಸಿದಂಥ ಕಣ್ಣು. ಸ್ಪ್ಯಾನಿಯಲ್ ಜಾತಿಯದಂತೆ. ಇದು ನಾಯಿಯೋ, ಬಾಗಿಲಿಗೆ ಹಾಕುವ ಪರದೆಯೋ ಎಂದು ನನಗೆ ಮೈ ಉರಿಯಿತು. ಆ ಕಿವಿಗೆ ನಮ್ಮ ಹೊಲದ ಮುಳ್ಳು ಹತ್ತಿದರೆ ಬಿಡಿಸುವವರು ಯಾರು? ಈ ಮನೆಯಲ್ಲಿ ಯಾರದೂ ಅಲ್ಲದ ಕೆಲಸವೆಲ್ಲ ಕೊನೆಗೆ ಯಾರದಾಗುತ್ತದೆ ಎಂದು ನನಗೆ ಗೊತ್ತಿಲ್ಲವೇ?

ತಂದವರು ನನ್ನ ಗಂಡನ ಅಕ್ಕ. ಸೋಲಾಪುರದ ಬಟ್ಟೆ ವ್ಯಾಪಾರಿಗಳ ಮನೆಗೆ ಕೊಟ್ಟ ಹೆಣ್ಣು. ನಾವಿರುವುದು ವಳಸಂಗದಿಂದ ಅಕ್ಕಲಕೋಟಕ್ಕೆ ಹೋಗುವ ದಾರಿಯ ಬದಿಯ ಒಂದು ಹಳ್ಳಿಯಲ್ಲಿ, ಆದ್ದರಿಂದ ಅವರಿಗೆ ತವರು ದೂರವೇನಲ್ಲ. ಅವರ ಫ್ಲ್ಯಾಟಿನಲ್ಲಿ ನಾಯಿ ದಿನವಿಡೀ ಬೊಗಳುತ್ತದೆಂದು ಅಕ್ಕಪಕ್ಕದವರ ತಕರಾರು ಶುರುವಾಗಿತ್ತು. ಪುಣೆಯಲ್ಲಿ ಅವರ ಮೈದುನ ಬಂಗಲೆ ಕಟ್ಟಿಸುತ್ತಿದ್ದ. ಅದು ಮುಗಿದ ಮೇಲೆ ನಾಯಿ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಅಲ್ಲಿಯ ತನಕ, ಎಳ್ಳ ಅಮಾವಾಸ್ಯೆಯ ವರೆಗೆ, ನಮ್ಮಲ್ಲಿ.

ಬೇರೆ ಮನೆಯಾಗಿದ್ದರೆ ಇದು ಇಷ್ಟಕ್ಕೇ ಮುಗಿಯುತ್ತಿತ್ತು. ನಮ್ಮ ಮಾವನವರ ಕಟ್ಟು ಬೇರೆ. ಹೆಣ್ಣು ಕೊಟ್ಟ ಮನೆಯ ಅನ್ನ ಉಣ್ಣಬಾರದು, ಅಲ್ಲಿಂದ ಒಂದು ಕಡ್ಡಿಯನ್ನೂ ತರಬಾರದು. ಊರಿನಲ್ಲಿ ಇದನ್ನು ಎಲ್ಲರೂ ಬಿಟ್ಟು ಎಷ್ಟೋ ಕಾಲವಾಯಿತು. ಇವರು ಬಿಟ್ಟಿರಲಿಲ್ಲ. ಅವರ ಕಣ್ಣಿಗೆ ಕಾಚಬಿಂದು ಆಗಿತ್ತು, ನೋಟ ಅಂಚಿನಿಂದ ಒಳಗೊಳಗೆ ಮುಚ್ಚಿಕೊಳ್ಳುತ್ತ ಬರುವ ರೋಗ. ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಕಾಪಾಡಬಹುದು ಎಂದು ಡಾಕ್ಟರು ಹೇಳಿದ್ದರು. ಆಗಾಗ ಸೋಲಾಪುರಕ್ಕೆ ತೋರಿಸಲು ಹೋಗಬೇಕು. ಹೋದಾಗಲೆಲ್ಲ ಮಗಳ ಮನೆಯ ಡೈನಿಂಗ್ ಟೇಬಲ್ಲಿನ ಮುಂದೆ ಕೂತು, ನಾನು ಬೆಳಿಗ್ಗೆ ಎದ್ದು ಕಟ್ಟಿಕೊಟ್ಟ ರೊಟ್ಟಿಯ ಗಂಟು ಬಿಚ್ಚಿ ಉಣ್ಣುತ್ತಿದ್ದರು. ಚಹಾ ಮಾತ್ರ ಕುಡಿಯುತ್ತಿದ್ದರು. ಚಹಾ ಅನ್ನದ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ಮಗಳು ಒಲೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದರು. ಅವರು ಮಾಡಿದ ಅಡಿಗೆ ಅಲ್ಲೇ ಆರುತ್ತಿತ್ತು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಹೆಚ್ಚು ಎಂದು ತಿಳಿಯುತ್ತಿರಲಿಲ್ಲ.

ಅದಕ್ಕೇ ಆ ದಿನ ಅಂಗಳದಲ್ಲಿ ಅಕ್ಕ ತೂಗಿ ಮಾತಾಡಿದರು. “ಅಪ್ಪಾ, ಇಟ್ಟಗೋ ಅನ್ನಾಕತ್ತಿಲ್ಲ ನಾ. ಎಳ್ಳಮಾಸಿತನಕ ನೋಡಿಕೋ ಅನ್ನಾಕತ್ತೀನಿ.”

“ನೋಡಿಕೊಳ್ಳೂದಾದ್ರ ನೋಡಿಕೋತೀನಿ. ಒಯ್ಯೂ ಮುಂದ ಮಾತ್ರ ತಡಾ ಮಾಡಬ್ಯಾಡ” ಎಂದರು ಮಾವ. ಅಷ್ಟರಲ್ಲಿ ನಾಯಿ ಅವರ ಧೋತರದ ಅಂಚಿನಿಂದ ಶುರು ಮಾಡಿ, ಕೈ, ಕೋಲು, ಜೇಬಿನ ತನಕ ಮೂಸಿ ಮುಗಿಸಿತ್ತು. ಮಾವ ಬಗ್ಗಿ ಅದರ ಮೂಗಿನ ಮೇಲೆ ಬೆರಳಿಟ್ಟರು. ಮಳೆ ಬೀಳುತ್ತಲೇ ಇತ್ತು. ಅವರ ಮುಖದ ಮೇಲೆ ನಾನು ಯಾವತ್ತೂ ನೋಡಿರದ ಒಂದು ಮೆದುವಾದ ಭಾವ ಬಂದು ಹೋಯಿತು.

ಮರುದಿನ ಅವರೇ ಹೇಳಿದರು. ಚಿಕ್ಕಂದಿನಲ್ಲಿ ಅಕ್ಕಲಕೋಟದ ಕಡೆಯ ಒಬ್ಬ ವತನದಾರರ ಮನೆಯಲ್ಲಿ ಇಂಥವೇ ನಾಯಿಗಳಿದ್ದವಂತೆ. ಬೇಟೆಯ ದಿನಗಳಲ್ಲಿ ಇವರು ಅವುಗಳ ಹಿಂದೆ ನಡೆದವರು. ಈಗ ಬೇಟೆ ಕಾಯ್ದೆಯಲ್ಲಿ ಅಪರಾಧ, ಬಂದೂಕೂ ಇಲ್ಲ, ವತನವೂ ಇಲ್ಲ. ಕೊಲ್ಲುವ ಮಾತೇ ಬೇಡ ಎಂದೂ ಅಂದರು. ಆದರೆ ಈ ನಾಯಿಯ ಮೂಗು ಬಂದೂಕಿಗೆ ಹುಟ್ಟಿದ್ದಲ್ಲ, ಗಾಳಿಗೆ ಹುಟ್ಟಿದ್ದು. ಅದಕ್ಕೆ ಕೆಲಸ ಕೊಡದೆ ಸೋಫಾದ ಮೇಲೆ ಕೂಡಿಸಿದರೆ ಬೊಗಳದೆ ಇನ್ನೇನು ಮಾಡೀತು?

“ತಂಗೀ, ಹಕ್ಕಿ ಏಳೂ ಸಪ್ಪಳ ಎಲ್ಲಾರೂ ಕೇಳ್ತಾರ. ಕಲತ ನಾಯಿ ಇದ್ರ, ಹಕ್ಕಿ ಎದ್ದ ಕೂಡ್ಲೇ ನೆಲಕ್ಕ ಕೂಡತದ. ಬೆನ್ನ ಹತ್ತೂದಿಲ್ಲ. ಆವಾಗ ಹೊಲದಾಗ ಒಂದು ಸುಮ್ಮನಿರೂದು ಬರತದ ನೋಡು, ಅದನ್ನ ಇನ್ನೊಮ್ಮೆ ಕೇಳಬೇಕಂತದ ಜೀವ.”

ನಾನು ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವರು ತಮಗೆ ಏನಾದರೂ ಬೇಕು ಎಂದದ್ದು ಅದೇ ಮೊದಲು.  ಸಂಜೆ ಹಳೆಯ ಚಾದರ ಹರಿದು ಸಣ್ಣ ಗಂಟು ಹೊಲಿದುಕೊಟ್ಟೆ.

ಆ ಗಂಟಿನೊಳಗೆ, ನಾಯಿಗೆ ವಾಸನೆ ಕಲಿಸಲು, ಬುರ್ಲಿ ಹಕ್ಕಿಯ ಪುಕ್ಕ. ನಮ್ಮ ಹೊಲಗಳಲ್ಲಿ ಮುಷ್ಟಿಯಷ್ಟೇ ದಪ್ಪದ ಆ ಹಕ್ಕಿಗಳು ಬೇಕಾದಷ್ಟಿವೆ. ಮಣ್ಣಿನ ಬಣ್ಣದವು. ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ, ತುಳಿಯುವಂತಾದಾಗ ಬುರ್ರೆಂದು ಏಳುತ್ತವೆ. ಅವು ಧೂಳಿನಲ್ಲಿ ಹೊರಳಾಡುವ ಜಾಗಗಳನ್ನು ಮಾವ ಕೋಲಿನಿಂದ, ಕೈಯಿಂದ ತಡಕಿ, ಉದುರಿದ ಪುಕ್ಕ ಆರಿಸಿ ತಂದಿದ್ದರು. ಮಳೆಗಾಲ ಅವು ಮೊಟ್ಟೆ ಇಡುವ ಕಾಲ, ಹೊಲಕ್ಕೆ ನಾಯಿ ಬಿಡಬಾರದು ಎಂದು ಹಟ ಹಿಡಿದರು. ಹಾಗಾಗಿ ಮೊದಲ ಪಾಠವೆಲ್ಲ ಅಂಗಳದಲ್ಲಿ, ಕಣಜದ ಹಿಂದೆ, ಮೇವಿನ ಬಣವೆಯ ಸುತ್ತ. ಅದಕ್ಕೆ ಗೊತ್ತಿದ್ದದ್ದು ಮರಾಠಿ ಒಂದೇ. ‘ಬಸ್’ ಅಂದರೆ ಕೂಡುತ್ತಿತ್ತು, ‘ಕೂಡು’ ಅಂದರೆ ನಮ್ಮ ಮುಖ ನೋಡುತ್ತಿತ್ತು. ಸೋಲಾಪುರದಲ್ಲಿ ಅದಕ್ಕೆ ಬಿಸ್ಕಿಟಿನ ಹೆಸರೊಂದಿತ್ತು. ಮಾವ ಆ ಹೆಸರು ನಾಲಿಗೆಯ ಮೇಲೆ ತರಲಿಲ್ಲ. ‘ಹುಡಗೀ’ ಎಂದು ಕರೆದರು. ಅವಳು ಅದಕ್ಕೇ ಓಗೊಟ್ಟಳು. ದೀಪಾವಳಿ ಬರುವ ಹೊತ್ತಿಗೆ ಎರಡೂ ಭಾಷೆ ತಿಳಿಯುತ್ತಿತ್ತು, ನಮ್ಮ ಮನೆಯ ಮಕ್ಕಳ ಹಾಗೆ.

ಮಾವ ಗಂಟು ಅಡಗಿಸಿಡುವುದು, ಅವಳು ಹುಡುಕಿ ಅದರ ಮುಂದೆ ಕೂಡುವುದು. ಕೂತರೆ ಒಂದು ಚೂರು ಸಜ್ಜೆ ರೊಟ್ಟಿ. ಬೇಗನೇ ಕಲಿತಳು ಎಂದು ಮಾವ ಮೀಸೆಯಲ್ಲೇ ನಗುತ್ತಿದ್ದರು. ಒಂದು ಮುಂಜಾನೆ ಪಕ್ಕದ ಹೊಲದ ಗೃಹಸ್ಥರು ಎಮ್ಮೆ ಹೊಡೆದುಕೊಂಡು ಹೊರಟಿದ್ದರು. ಇವಳು ಮೂಗು ಎತ್ತಿ ಓಡಿ ಹೋಗಿ ಅವರ ಎದುರಿಗೆ ನೆಟ್ಟಗೆ ಕೂತಳು. ಅವರು ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ನನ್ನಿಂದ ಇದಕ್ಕೇನು ಆಗಬೇಕಾಗಿದೆ ಎಂದು ಆ ಮನುಷ್ಯ ಮರಾಠಿಯಲ್ಲಿ ಕೇಳಿದರು. ನಮಗೂ ತಿಳಿಯಲಿಲ್ಲ. ಆಮೇಲೆ ಅವರು ಸೊಂಟದಿಂದ ತಂಬಾಕಿನ ಚಂಚಿ ತೆಗೆದಾಗ ನನಗೆ ಹೊಳೆಯಿತು. ಮಾವ ಇಷ್ಟು ದಿನ ಪುಕ್ಕದ ಗಂಟನ್ನು ತಮ್ಮ ಚಂಚಿಯ ಜೊತೆಯಲ್ಲೇ, ಒಂದೇ ಜೇಬಿನಲ್ಲಿ ಇಟ್ಟುಕೊಂಡಿದ್ದರು. ನಾಯಿ ಕಲಿತದ್ದು ಹಕ್ಕಿಯ ವಾಸನೆಯಲ್ಲ, ತಂಬಾಕಿನ ವಾಸನೆ. ಹೀಗೇ ಕಲಿಸಿದ್ದರೆ ಊರ ಗಂಡಸರನ್ನೆಲ್ಲ ಹುಡುಕಿ ಕೂಡಿಸುತ್ತಿತ್ತು. ನಾನು ನಕ್ಕು ನಕ್ಕು ಅಂಗಳದಲ್ಲೇ ಕೂತುಬಿಟ್ಟೆ. ಮಾವ ಮಧ್ಯಾಹ್ನದ ತನಕ ಮಾತು ಬಿಟ್ಟರು. ಆಮೇಲೆ ನಾನೇ ಹೊಸ ಗಂಟು ಹೊಲಿದು, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ನನ್ನ ಹತ್ತಿರ ಇಟ್ಟುಕೊಂಡೆ. ಅಲ್ಲಿಂದ ನಾನೂ ಈ ಶಾಲೆಗೆ ಸೇರಿದಂತಾಯಿತು.

ಚಳಿ ಬಿದ್ದ ಮೇಲೆ ಹೊಲಕ್ಕೆ ಹೋದೆವು. ಆ ಮುಂಜಾನೆಗಳು ಈಗ ನೆನೆದರೆ ನಿಜವಾಗಿ ನಡೆದವೋ, ನಿದ್ದೆಯಲ್ಲಿ ಕಂಡೆನೋ ಅನಿಸುತ್ತದೆ. ಜೋಳದ ಎಲೆಯ ಮೇಲೆ ಇಬ್ಬನಿ. ಬದುವಿನ ಮೇಲಿನ ಜಾಲಿ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ. ದೂರದಲ್ಲಿ ದುಧನಿಯ ಕಡೆ ಹೋಗುವ ರೈಲು ಕೂಗಿದರೆ ಆ ಕೂಗು ಯಾವ ದಿಕ್ಕಿನದೆಂದು ಹೇಳಲಾಗುತ್ತಿರಲಿಲ್ಲ. ಕರಿ ಮಣ್ಣು ಚಪ್ಪಲಿಗೆ ಹತ್ತಿ ಹೆಜ್ಜೆ ಹೆಜ್ಜೆಗೂ ನಾನು ಎತ್ತರವಾಗುತ್ತಿದ್ದೆ. ಮಾವನಿಗೆ ಆ ಹೊತ್ತಿಗೆ ಬೆಳಕು, ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಅವರ ಕೋಲಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವರು ನಿಂತು ಗಲ್ಲ ತಿರುಗಿಸಿ ಗಾಳಿ ನೋಡುವರು. ಗಾಳಿಗೆ ಎದುರಾಗಿಯೇ ನಡೆಯಬೇಕು, ಆಗಲೇ ವಾಸನೆ ಮೂಗಿನ ತನಕ ಬರುತ್ತದೆ. ನಾಯಿ ನಮ್ಮ ಮುಂದೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಿರುಗುತ್ತಿರಬೇಕು, ಬಹಳ ದೂರ ಹೋಗಬಾರದು.

ಆದರೆ ಒಕ್ಕಲಿಗನ ಕೈಯಲ್ಲಿ ಕಲಿತ ನಾಯಿ ಅದು. ಎತ್ತಿಗೆ ಹೇಳಿದ ದನಿಯಲ್ಲೇ ಮಾವ ಅದಕ್ಕೂ ಹೇಳಿದ್ದರು. ಸಾಲು ಹಿಡಿದೇ ಹೋಗುವಳು, ಬದು ಬಂದರೆ ನಿಂತು ಮೈ ತಿರುಗಿಸಿ ಮುಂದಿನ ಸಾಲಿಗೆ ಬೀಳುವಳು, ಥೇಟ್ ಕೂರಿಗೆ ಎಳೆದ ಎತ್ತು. ಪುಣೆಯ ಬಂಗಲೆಯ ಹುಲ್ಲಿನ ಮೇಲೆ ಇದು ಯಾವ ಸಾಲು ಹುಡುಕೀತು ಎಂದು ನನಗೆ ನಗೆ ಬರುತ್ತಿತ್ತು. ಆಮೇಲೆ ಪುಣೆ ಎಂಬ ಮಾತು ನೆನಪಾಗಿ ನಗೆ ನಿಲ್ಲುತ್ತಿತ್ತು.

ಜೋಳ ಎದೆಮಟ್ಟ ಬೆಳೆದ ಮೇಲೆ ಅವಳು ನನಗೂ ಕಾಣದಾದಳು. ಮಾವ ಕರುವಿನ ಕೊರಳಿನ ಒಂದು ಗೆಜ್ಜೆ ಬಿಚ್ಚಿ ಅವಳಿಗೆ ಕಟ್ಟಿದರು. ಅಂದಿನಿಂದ ಕಣ್ಣಿದ್ದ ನಾನೇ ಕುರುಡಿ. ಗೆಜ್ಜೆ ಸಮನಾಗಿ ಬಡಿದರೆ ಸುಮ್ಮನೆ ತಿರುಗುತ್ತಿದ್ದಾಳೆ, ಸಣ್ಣಗೆ ಗಡಿಬಿಡಿಯಿಂದ ಬಡಿದರೆ ವಾಸನೆ ಸಿಕ್ಕು ಬಾಲದ ಜೊತೆ ಮೈಯೆಲ್ಲ ಅಲ್ಲಾಡುತ್ತಿದೆ, ತಡೆದು ತಡೆದು ಬಡಿದರೆ ಏನನ್ನೋ ತಿನ್ನುತ್ತಿದ್ದಾಳೆ. ಮಾವ ಸದ್ದು ಕೇಳಿಯೇ ಎಲ್ಲ ಹೇಳುವರು. ಒಮ್ಮೆ ನನ್ನ ಬಳೆಯ ಸಪ್ಪಳ ಕೇಳಿಯೇ, ಇವತ್ತು ಯಾರ ಮೇಲೆ ಸಿಟ್ಟು ಎಂದು ಕೇಳಿಬಿಟ್ಟರು. ಗಂಡನ ಮೇಲೆ ಎಂದೆ. ಅವರು ಮುಂಜಾನೆಯ ಬಸ್ಸಿಗೆ ಸೋಲಾಪುರದ ಕೆಲಸಕ್ಕೆ ಹೋಗುವಾಗ ಬಚ್ಚಲ ಒಲೆ ಆರಿಸಿರಲಿಲ್ಲ.

ಒಂದೇ ಒಂದು ಪಾಠ ಮಾತ್ರ ಅವಳ ತಲೆಗೆ ಹತ್ತಲಿಲ್ಲ. ಬುರ್ಲಿ ಬುರ್ರೆಂದು ಎದ್ದರೆ ಅವಳೂ ಅದರ ಹಿಂದೆ ಹಾರುವಳು. ಮಾವ ಎಷ್ಟು ಸೀಟಿ ಹೊಡೆದರೂ ಗೆಜ್ಜೆ ಜಲಜಲ ಎಂದು ದೂರ ದೂರ ಓಡಿ ಹೋಗುತ್ತಿತ್ತು. ಅದು ಹೋದ ದಿಕ್ಕಿಗೆ ಮಾವ ಮುಖ ಮಾಡಿ ನಿಂತಿರುವರು. ಅವರು ಕೇಳಬೇಕೆಂದ ಆ ಸುಮ್ಮನಿರುವುದು ಬರಲೇ ಇಲ್ಲ, ಎಳ್ಳಮಾಸಿ ಹತ್ತಿರ ಬಂತು.

 ನಾಯಿ ಬಂದ ಮೇಲೆ ಈ ಮುದುಕರು ಕಟ್ಟೆಯ ಮೂಲೆ ಬಿಟ್ಟು ಎದ್ದಿದ್ದರು, ಉಣ್ಣುತ್ತಿದ್ದರು, ಜಗಳ ಸಹ ಆಡುತ್ತಿದ್ದರು. ನಾಯಿ ಹೋದರೆ ಮತ್ತೆ ಮೂಲೆಗೇ ಹೋಗುವರು, ಇದು ನನಗೆ ಹಗಲಿನಷ್ಟು ಸ್ಪಷ್ಟವಿತ್ತು. ಒಂದು ಮಾತು ಕೇಳಿದರೆ ಮಗಳು ಇಲ್ಲ ಎನ್ನುವರೇ? ನಾನು ಹೇಳಲೇ ಎಂದೆ. “ಮಗಳ ಮನಿದು ಅದು. ಬೇಡೂದೂ ಇಲ್ಲ, ಇಟ್ಟಗೊಳ್ಳೂದೂ ಇಲ್ಲ” ಎಂದು ಒಂದೇ ಮಾತಿಗೆ ಬಾಗಿಲು ಹಾಕಿದರು. ಕಟ್ಟಿನ ವಿಷಯದಲ್ಲಿ ಅವರು ಹಾಗೆಯೇ. ಅಕ್ಕ ಸಣ್ಣವರಿದ್ದಾಗ ಎಳ್ಳಮಾಸಿಯ ದಿನ ಹೊಲಕ್ಕೆ ಚೆಲ್ಲುವ ಎಡೆಯ, ಅಂದರೆ ಚರಗದ, ಬುಟ್ಟಿಯಿಂದ ಒಂದು ಶೇಂಗಾ ಹೋಳಿಗೆ ಕದ್ದು ಲಂಗದಲ್ಲಿ ಮುಚ್ಚಿಟ್ಟುಕೊಂಡು ಬಂದಿದ್ದರಂತೆ. ಹೊಲಕ್ಕೆ ಕೊಟ್ಟದ್ದು ಹೊಲದ್ದು, ಮನೆಗೆ ತರಬಾರದು ಎಂದು ಮಾವ ಆ ಹುಡುಗಿಯನ್ನು ಹೊಲದ ತನಕ ತಿರುಗಿ ನಡೆಸಿ, ಹೋಳಿಗೆ ಚೆಲ್ಲಿಸಿ ಕರೆತಂದಿದ್ದರಂತೆ. ಈ ಕತೆಯನ್ನು ಅಕ್ಕ ನಗುತ್ತ ಹೇಳುತ್ತಿದ್ದರು, ಆದರೆ ಹೇಳುವುದನ್ನು ಬಿಟ್ಟಿರಲಿಲ್ಲ.

ಹಾಗಾಗಿ ಎಳ್ಳಮಾಸಿಯ ದಿನ ನಾನು ಜಗಳಕ್ಕೆ ಸಿದ್ಧಳಾಗಿಯೇ ಹೊಲಕ್ಕೆ ಹೋದೆ. ಏನೇನು ಅನ್ನಬೇಕು ಎಂದು ಕಡುಬು ಕಟ್ಟುತ್ತಲೇ ಜೋಡಿಸಿಕೊಂಡಿದ್ದೆ. ಅಕ್ಕ ಸೋಲಾಪುರದಿಂದ ನೇರ ಹೊಲಕ್ಕೇ ಬಂದರು. ಕಾರು ಬದುವಿನ ಆಚೆ ನಿಂತಿತ್ತು. ಹಿಂದಿನ ಸೀಟಿನ ಮೇಲೆ ಅದೇ ಚಾದರ. ಅದನ್ನು ನೋಡಿಯೂ ನೋಡದ ಹಾಗೆ ನಾನು ಬುಟ್ಟಿ ಇಳಿಸಿದೆ.

ಜೋಳದ ದಂಟು ನಿಲ್ಲಿಸಿ ಕಟ್ಟಿದ, ಪುಟ್ಟ ಗುಡಿಸಲಿನಂಥ ಕೊಪ್ಪೆಯಲ್ಲಿ ಸುಣ್ಣ ಬಳಿದ ಐದು ಕಲ್ಲು ಕೂಡಿಸಿ ಪೂಜೆ ಮಾಡಿದೆವು. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಹೋಳಿಗೆ, ಅಂಬಲಿ ಎಲ್ಲ ಎಡೆಗೆ ಹೋಯಿತು. ನಾವು ಉಣ್ಣುವ ಮೊದಲು ಹೊಲ ಉಣ್ಣಬೇಕು. ಚರಗದ ಬುಟ್ಟಿಯನ್ನು ಅಕ್ಕ ಸೊಂಟಕ್ಕಿಟ್ಟುಕೊಂಡರು. ‘ಹುಲ್ಲುಲ್ಲಿಗೋ’ ಎಂದು ಕೂಗಿ ಅವರು ಒಂದು ಮುಷ್ಟಿ ಚೆಲ್ಲಿದರೆ ‘ಚಲ್ಲಂಬರಿಗೋ’ ಎಂದು ನಾವು ಹಿಂದಿನಿಂದ ಕೂಗುವುದು. ಬಿಸಿಲು ಹಾಲಿನ ಹಾಗೆ ತೆಳ್ಳಗಿತ್ತು. ಆ ಕೂಗು ನಮ್ಮ ಹೊಲದಿಂದ ಪಕ್ಕದ ಹೊಲಕ್ಕೆ, ಅಲ್ಲಿಂದ ಅದರಾಚೆಯ ಹೊಲಕ್ಕೆ ಹೋಗುತ್ತಿತ್ತು, ಊರಿನ ಎಲ್ಲ ಹೊಲಗಳೂ ಒಂದನ್ನೊಂದು ಕರೆಯುತ್ತಿದ್ದವು.

ಮಾವ ನನ್ನ ಕಡೆ ಕೋಲು ಚಾಚಿದರು. ಗಾಳಿ ಮೂಡಣದ್ದು, ನಡಿ ಎಂದರು. ಇವತ್ತು ಬೇಡ ಎಂದೆ. ಸಾಲು ಸಾಲಿಗೂ ರೊಟ್ಟಿ, ಕಡುಬು ಬಿದ್ದಿವೆ, ಇಂಥ ದಿನ ಯಾವ ನಾಯಿ ಹಕ್ಕಿ ಹುಡುಕೀತು? ಮಾವ ಕೇಳಲಿಲ್ಲ. ಇವತ್ತು ಬಿಟ್ಟರೆ ಅವರಿಗೆ ಇನ್ನೊಂದು ದಿನ ಇರಲಿಲ್ಲ. ನಾನು ಕೋಲು ಹಿಡಿದೆ. ಅಕ್ಕ ಬುಟ್ಟಿ ಹೊತ್ತು ನಮ್ಮ ಹಿಂದೆ ಬಂದರು.

ಗೆಜ್ಜೆ ಜೋಳದೊಳಗೆ ಹೋಯಿತು. ಸ್ವಲ್ಪ ದೂರದಲ್ಲೇ ತಡೆದು ತಡೆದು ಬಡಿಯತೊಡಗಿತು. “ಕಡಬ ತಿನ್ನಾಕತ್ಯಾಳ” ಎಂದು ಮಾವ ನಕ್ಕರು. ನನಗೆ ನಗೆ ಬರಲಿಲ್ಲ. ಮತ್ತೆ ಸಮನಾಗಿ ಬಡಿಯಿತು, ಸಾಲಿನ ತುದಿಗೆ ಹೋಗಿ ತಿರುಗಿತು, ನಮ್ಮ ಮುಂದೆ ಹಾದು ಕಡಲೆಯ ಕಡೆ ಹೋಯಿತು. ಅಲ್ಲಿ ಸದ್ದು ಸಣ್ಣದಾಯಿತು, ಗಡಿಬಿಡಿಯಾಯಿತು. ಮಾವ ಕೋಲು ಎಳೆದು ನನ್ನನ್ನು ನಿಲ್ಲಿಸಿದರು. ಚರಗದ ಕಾಳಿಗೆ ಬಂದಿದ್ದವೋ ಏನೋ, ಕಡಲೆಯ ಗಿಡದಿಂದ ಬುರ್ಲಿಗಳು ಒಟ್ಟಿಗೆ ಎದ್ದವು. ನನ್ನ ಎದೆಯೊಳಗಿಂದಲೇ ಎದ್ದಂತಾಯಿತು.

ಆಮೇಲೆ ಗೆಜ್ಜೆ ಇಲ್ಲ.

ನಾನು ಕತ್ತು ಉದ್ದ ಮಾಡಿ ನೋಡಿದೆ. ಕಡಲೆಯ ಅಂಚಿನಲ್ಲಿ ಅವಳು ನೆಲಕ್ಕೆ ಕೂತಿದ್ದಳು. ಕಣ್ಣು ಹಕ್ಕಿಗಳ ಮೇಲೆ, ತುಟಿಯ ಮೇಲೆ ಬೆಲ್ಲದ ಹೂರಣ, ಕಿವಿ ಮಾತ್ರ ನಡುಗುತ್ತಿತ್ತು. ಹೊಟ್ಟೆ ತುಂಬಿದ್ದಕ್ಕೋ, ಪಾಠ ತಲೆಗೆ ಹತ್ತಿದ್ದಕ್ಕೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೂತಾಳ್ರಿ ಮಾವಾರ ಎಂದೆ. ಅವರು ಕೈಯಿಂದಲೇ ನನ್ನನ್ನು ಸುಮ್ಮನಿರಿಸಿದರು. ಪಕ್ಕದ ಹೊಲಗಳ ಕೂಗೂ ಆ ಗಳಿಗೆ ನಿಂತಿತ್ತು. ಜೋಳದ ಎಲೆ ಅಲ್ಲಾಡಲಿಲ್ಲ. ಬಿಸಿಲು, ಮಣ್ಣು, ಆ ಮುದುಕರ ಎತ್ತಿದ ಮುಖ, ಎಲ್ಲ ಒಂದೇ ಕಡೆ ನಿಂತುಬಿಟ್ಟಿತ್ತು. ಅವರ ಕುರುಡುಗಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನಗೆ ಆಗ ಅನಿಸಿದ್ದು ಇಷ್ಟೇ, ಇದನ್ನು ಇವರಿಂದ ಯಾರೂ ಕಸಿದುಕೊಳ್ಳಬಾರದು.

ನಾನು ಅಕ್ಕನ ಕಡೆ ತಿರುಗಿದೆ, ಜೋಡಿಸಿದ ಮಾತಿನಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವರು ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದರು. ಬುಟ್ಟಿಯಲ್ಲಿ ಕೊನೆಯ ಹೋಳಿಗೆ ಉಳಿದಿತ್ತು. ಅದನ್ನು ಎತ್ತಿ, ‘ಹುಲ್ಲುಲ್ಲಿಗೋ’ ಎಂದು ಕೂಗಿ, ನಾಯಿಯ ಮುಂದೆ ಎಸೆದರು.  ನಮಗೆ ಯಾರಿಗೂ ತಿರುಗಿ ಕೂಗಲು ಆಗಲಿಲ್ಲ.

“ಅಪ್ಪಾ, ಇಕೀನ್ನೂ ಚರಗದಾಗ ಚೆಲ್ಲೀನಿ” ಎಂದರು. “ನಿನಗ ಕೊಟ್ಟಿಲ್ಲ ನಾ. ಹೊಲಕ್ಕ ಕೊಟ್ಟೀನಿ. ಹೊಲಕ್ಕ ಕೊಟ್ಟಿದ್ದು ತಿರುಗಿ ಮನಿಗೆ ಒಯ್ಯಬಾರದಂತ ನೀನೇ ಕಲಸೀದಿ.”

ಮಾವ ಬಹಳ ಹೊತ್ತು ಕೋಲಿನಿಂದ ಮಣ್ಣು ಕೆದರುತ್ತ ನಿಂತರು. ಅವರ ಕಟ್ಟನ್ನು ಅವರ ಮಗಳೇ ಅವರ ಕೊರಳಿಗೆ ಹಾಕಿದ್ದರು, ಬಿಡಿಸಿಕೊಳ್ಳುವ ದಾರಿ ಇರಲಿಲ್ಲ. “ಹೊಲದ್ದಾದ್ರ ಹೊಲದಾಗ ಇರಲಿ” ಎಂದರು ಕೊನೆಗೆ. ಪುಣೆಯವರಿಗೆ ಏನು ಹೇಳುತ್ತೀರಿ ಎಂದು ನಾನು ಕೇಳಲು ಹೋದೆ. ಅಕ್ಕ ನನ್ನ ಕೈ ಅದುಮಿ, ಹಸಿವೆಯಾಗಿದೆ, ಎಲೆ ಹಾಕು ಎಂದರು.

ಸಂಜೆ ಅವರ ಉಡಿ ತುಂಬಿ ಕಳಿಸಿದೆವು. ಕಾರಿನ ಹಿಂದಿನ ಸೀಟಿನ ಚಾದರವನ್ನು ಅವರೇ ತೆಗೆದು ಕಟ್ಟೆಯ ಮೇಲೆ ಇಟ್ಟರು. ಇದೂ ಹೊಲದ್ದೇ ಎಂದರು, ಮಾವ ಕೇಳಿಯೂ ಕೇಳದಂತೆ ಇದ್ದರು. ಕಾರು ಹೋದ ಮೇಲೆ ನಾನು ಆ ಚಾದರದ ಮೇಲೆ ನಾಯಿಯನ್ನು ಮಲಗಿಸಿಕೊಂಡು ಕಿವಿಯ ಮುಳ್ಳು ಬಿಡಿಸುತ್ತ ಕೂತೆ. ಅವಳು ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ತೆರೆದು ನನ್ನನ್ನು ನೋಡುತ್ತಿದ್ದಳು. ನನಗೆ ಎಷ್ಟು ಪ್ರಯತ್ನಪಟ್ಟರೂ ಸಿಟ್ಟು ಬರಲಿಲ್ಲ.

“ತಂಗೀ, ಹೋಗೂ ಮುಂದ ಅಕಿ ನಗತಿದ್ಲೋ, ಅಳತಿದ್ಲೋ?” ಎಂದು ಮಾವ ಕೇಳಿದರು.

ನಗುತ್ತಿದ್ದರು ಎಂದೆ.

“ಇಲ್ಲ. ಎರಡೂ ಕೈಯಾಗಿನ ಬಳಿ ಒಮ್ಮೆಲೇ ಮುಖದತನಕ ಮ್ಯಾಲ ಹೋದವು, ಭಾಳ ಹೊತ್ತು ಕೆಳಗ ಬರಲಿಲ್ಲ” ಎಂದರು ಅವರು.  ನಾನು ಎರಡನೆಯ ಕಿವಿಯ ಮುಳ್ಳು ಬಿಡಿಸಿ ಮುಗಿಸಿದೆ.

“ಸೋಮವಾರ ಕಣ್ಣ ತೋರಸಾಕ ಸೋಲಾಪುರಕ್ಕ ಹೋಗೂದದ” ಎಂದರು. “ಈ ಸಲ ರೊಟ್ಟಿ ಕಟ್ಟಬ್ಯಾಡ.”